ಒಂದು ಮೂಲ, ಹಲವು ಫ್ರೇಮ್‌ವರ್ಕ್

ಹುಕ್ಕೇರಿ ಎಂಬ ಊರಿನ ಹೆಸರು ಓದುವವರ ಕಣ್ಣಿಗೆ ಮೂರೇ ಅಕ್ಷರವಾದರೂ, ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಇವುಗಳಿಗೆ ಬೇರೆ ಬೇರೆ ಸಂಕೇತಗಳಿರುವುದರಿಂದ ಕಂಪ್ಯೂಟರು ಅದನ್ನು ಎಂಟು ಸಂಕೇತಗಳ ಸಾಲಾಗಿ ಎಣಿಸುತ್ತದೆ. ಐದಕ್ಷರದ ಮಮದಾಪುರಕ್ಕೆ ಏಳು ಸಂಕೇತಗಳು ಬೇಕು. ಆದ್ದರಿಂದ ಆನ್‌ಲೈನ್ ಅರ್ಜಿಯಲ್ಲಿ ಊರಿನ ಹೆಸರು ತುಂಬುವ ಚೌಕವನ್ನು ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಅಳತೆ ಮಾಡಿದರೆ ಕನ್ನಡದ ಹೆಸರು ನಡುವೆಯೇ ತುಂಡಾಗಬಹುದು, ಸಾಲಿನ ಎತ್ತರ ಸಾಲದಿದ್ದರೆ ಒತ್ತಕ್ಷರಗಳು ಕತ್ತರಿಸಿಹೋಗಬಹುದು.

ಇಂಥ ಚೌಕ, ಗುಂಡಿ, ಪಟ್ಟಿ ಮೊದಲಾದ ಬಿಡಿಭಾಗಗಳನ್ನು ಕಾಂಪೊನೆಂಟ್ ಎನ್ನುತ್ತಾರೆ. ಅವುಗಳನ್ನು ಜೋಡಿಸಿ ಪುಟ ಕಟ್ಟಲು ನೆರವಾಗುವ ಸಿದ್ಧ ವ್ಯವಸ್ಥೆಗಳೇ ಫ್ರೇಮ್‌ವರ್ಕ್‌ಗಳು: 2013ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್, 2014ರ ವ್ಯೂ, 2016ರ ಆಂಗ್ಯುಲರ್ ಮತ್ತು ಸ್ವೆಲ್ಟ್. ಒಂದರ ಕಾಂಪೊನೆಂಟ್ ಮತ್ತೊಂದರಲ್ಲಿ ನೇರವಾಗಿ ಕೂರುವುದಿಲ್ಲವಾದ್ದರಿಂದ, ಒಂದೇ ದೋಷವನ್ನು ನಾಲ್ಕು ಕಡೆ ತಿದ್ದುವ ಪ್ರಸಂಗ ಬರುತ್ತದೆ.

ಬಿಲ್ಡರ್.ಐಒ ಸಂಸ್ಥೆಯ ಮುಕ್ತ ತಂತ್ರಾಂಶವಾದ ಮೈಟೋಸಿಸ್ ಈ ತೊಡಕನ್ನು ಬಿಡಿಸಲು ಹುಟ್ಟಿದ್ದು. ಇದರಲ್ಲಿ ಕಾಂಪೊನೆಂಟನ್ನು ಜೆಎಸ್‌ಎಕ್ಸ್ ಎಂಬ, ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಪುಟದ ವಿನ್ಯಾಸವನ್ನೂ ಬರೆಯಲು ಅನುವು ಮಾಡುವ ಶೈಲಿಯಲ್ಲಿ ಒಮ್ಮೆ ಬರೆದು, ಯಾವ ಯಾವ ಫ್ರೇಮ್‌ವರ್ಕ್‌ಗಳಿಗೆ ಬೇಕೆಂಬುದನ್ನು ಒಂದು ಸಂರಚನಾ ಕಡತದಲ್ಲಿ ನಮೂದಿಸುತ್ತಾರೆ. ಬಳಿಕ ಕಮಾಂಡ್ ಲೈನಿನಲ್ಲಿ, ಅಂದರೆ ಮೌಸಿನ ಬದಲು ಟೈಪ್ ಮಾಡಿದ ಆದೇಶಗಳಿಂದಲೇ ಕೆಲಸ ನಡೆಯುವ ಪರದೆಯಲ್ಲಿ, ‘ಮೈಟೋಸಿಸ್ ಬಿಲ್ಡ್’ ಎಂಬ ಆದೇಶ ಕೊಟ್ಟರೆ ಕಂಪೈಲಿಂಗ್, ಎಂದರೆ ಒಂದು ರೂಪದ ಬರಹವನ್ನು ಮತ್ತೊಂದು ರೂಪಕ್ಕೆ ತಿರುಗಿಸುವ ಕ್ರಿಯೆ, ಆರಂಭವಾಗುತ್ತದೆ. ತಂತ್ರಾಂಶವು ಬರಹವನ್ನು ವಿಶ್ಲೇಷಿಸಿ, ಯಾವ ಫ್ರೇಮ್‌ವರ್ಕ್‌ಗೂ ಸೇರದ ಜೇಸನ್ ಎಂಬ ಪಠ್ಯರೂಪದ ದತ್ತಾಂಶವನ್ನಾಗಿ ಮಾಡಿಕೊಂಡು, ಅದರಿಂದ ಪ್ರತಿ ಫ್ರೇಮ್‌ವರ್ಕ್‌ಗೂ ಬೇರೆ ಬೇರೆ ಸಂಕೇತಬರಹವನ್ನು ಹೊರಡಿಸುತ್ತದೆ. ಈ ನಡುವಣ ರೂಪವೇ ಇಡೀ ವ್ಯವಸ್ಥೆಯ ಜೀವಾಳ. ಹೊಸ ಫ್ರೇಮ್‌ವರ್ಕ್ ಬಂದಾಗ ಅದರ ಸಂಕೇತಬರಹವನ್ನು ಹೊರಡಿಸುವ ಭಾಗವೊಂದನ್ನು ಸೇರಿಸಿದರೆ ಹಳೆಯ ಕಾಂಪೊನೆಂಟ್‌ಗಳನ್ನು ಹೊಸದಾಗಿ ಬರೆಯಬೇಕಾಗಿಲ್ಲ.

ಈ ಅನುಕೂಲಕ್ಕೆ ಬೆಲೆಯೂ ಇದೆ. ಎಲ್ಲ ಕಡೆಗೂ ಹೊಂದುವಂತೆ ಬರೆಯಬೇಕಾದ್ದರಿಂದ ರಿಯಾಕ್ಟ್‌ನ ಪೂರ್ಣ ಸ್ವಾತಂತ್ರ್ಯ ಇಲ್ಲಿಲ್ಲ: ಷರತ್ತಿಗೆ ‘ಷೋ’, ಪುನರಾವರ್ತನೆಗೆ ‘ಫಾರ್’ ಎಂಬ ನಿಗದಿತ ರೂಪಗಳಿವೆ, ಬದಲಾಗುವ ಮಾಹಿತಿಯನ್ನು ಇಡುವುದಕ್ಕೂ ಕಟ್ಟುಪಾಡುಗಳಿವೆ. ಒಂದೇ ಫ್ರೇಮ್‌ವರ್ಕ್ ಬಳಸುವ ಸಣ್ಣ ತಾಣಕ್ಕೆ ಇದು ಬೇಡದ ಭಾರ. ಆದರೆ ಕನ್ನಡದ ಹೆಸರನ್ನು ಸರಿಯಾಗಿ ಸ್ವೀಕರಿಸುವ ಚೌಕವೊಂದು ಹಲವು ಇಲಾಖೆಗಳ, ಸಂಸ್ಥೆಗಳ ತಾಣಗಳಿಗೆ ಬೇಕಾಗಿದ್ದು, ಆ ತಾಣಗಳು ಭಿನ್ನ ಫ್ರೇಮ್‌ವರ್ಕ್‌ಗಳಲ್ಲಿ ನಿಂತಿರುವಾಗ, ಒತ್ತಕ್ಷರದ ತಿದ್ದುಪಡಿಯನ್ನು ಮೂಲದಲ್ಲಿ ಒಮ್ಮೆ ಮಾಡಿ ಎಲ್ಲೆಡೆಗೂ ಹರಿಸುವ ಈ ದಾರಿ ನಿಜಕ್ಕೂ ಬೆಲೆಯುಳ್ಳದ್ದು. ಹೊರಬಂದ ಪ್ರತಿ ರೂಪವನ್ನೂ ಆಯಾ ಫ್ರೇಮ್‌ವರ್ಕ್‌ನಲ್ಲಿ, ಹುಕ್ಕೇರಿಯಂಥ ಒತ್ತಕ್ಷರವುಳ್ಳ ಹೆಸರುಗಳನ್ನೇ ತುಂಬಿ ಪರೀಕ್ಷಿಸುವ ಕೆಲಸವನ್ನು ಮಾತ್ರ ಯಾವ ಆದೇಶವೂ ತಪ್ಪಿಸಲಾರದು.