ಹಂದಿ ಜ್ವರ ಒಂದಲ್ಲ, ಎರಡು: ವೈರಸ್ ಗುರುತಿಸೋದು ಹೇಗೆ?

ರಾಂಜಣಗಾಂವದಿಂದ ಮಾಡಿದ ನನ್ನ ವಿಡಿಯೋ ಮಾತಿನ ಬರಹ ರೂಪ ಇದು. ಪುಣೆಯಲ್ಲಿ ಐಟಿ ಕೆಲಸ ಮಾಡ್ತಾ ಊರಲ್ಲಿ ಹಂದಿ ಫಾರ್ಮಿಗೆ ದುಡ್ಡು ಹಾಕಿರೋ ಸ್ನೇಹಿತರು ಕೇಳೋದು ಒಂದೇ ಪ್ರಶ್ನೆ: "ಹಂದಿಗಳಿಗೆ ಜ್ವರ ಬಂದಿದೆ, ಲಸಿಕೆ ಹಾಕಿಸಿದ್ರೆ ಆಯ್ತಲ್ವಾ?" ಅದು ಯಾವ ಜ್ವರ ಅಂತ ಗೊತ್ತಾಗದೆ ಉತ್ತರ ಹೇಳೋಕೆ ಆಗಲ್ಲ.

ನಮ್ಮಲ್ಲಿ ಬಹಳ ಕಾಲದಿಂದ ಇರೋದು ಕ್ಲಾಸಿಕಲ್ ಹಂದಿ ಜ್ವರ. ಆಫ್ರಿಕನ್ ಹಂದಿ ಜ್ವರ ಹೊಸದು. 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶದಲ್ಲಿ ಮೊದಲು ದೃಢಪಟ್ಟಿತು, 2022ರ ಜುಲೈನಲ್ಲಿ ನಮ್ಮ ಗಡಿಗೆ ಅಂಟಿದ ವಯನಾಡಿನಲ್ಲೂ ಕಾಣಿಸಿತು. ಎರಡರಲ್ಲೂ ವಿಪರೀತ ಜ್ವರ ಬರುತ್ತೆ, ಹಂದಿ ಮೇವು ಬಿಡುತ್ತೆ, ಕಿವಿ-ಹೊಟ್ಟೆ ಕೆಂಪಾಗುತ್ತೆ, ಸಾಯುತ್ತೆ. ಕಣ್ಣಲ್ಲಿ ನೋಡಿ ಯಾವುದು ಅಂತ ಹೇಳೋಕಾಗಲ್ಲ.

ಒಳಗೆ ಮಾತ್ರ ಅಜಗಜಾಂತರ. ಕ್ಲಾಸಿಕಲ್‌ನದು ಸುಮಾರು 12,300 ಅಕ್ಷರಗಳ ಆರ್‌ಎನ್‌ಎ ವೈರಸ್. ಆಫ್ರಿಕನ್‌ನದು 1,70,000ಕ್ಕೂ ಹೆಚ್ಚು ಅಕ್ಷರ-ಜೋಡಿಗಳ ಡಿಎನ್‌ಎ ವೈರಸ್. ಮೊದಲನೆಯದಕ್ಕೆ ಲಸಿಕೆ ಇದೆ, ಎರಡನೆಯದಕ್ಕೆ ನಮ್ಮ ದೇಶದಲ್ಲಿ ಇಲ್ಲ. ಗೊತ್ತಿಲ್ಲದೆ ಒಂದೇ ಸೂಜಿಯಲ್ಲಿ ಸಾಲಾಗಿ ಚುಚ್ಚುತ್ತಾ ಹೋದರೆ, ಆ ಸೂಜಿಯೇ ಆಫ್ರಿಕನ್ ಜ್ವರವನ್ನ ಇಡೀ ಕೊಟ್ಟಿಗೆಗೆ ಹಂಚುತ್ತೆ.

ಅದಕ್ಕೇ ಪಿಸಿಆರ್ ಬೇಕು. ಪಶುವೈದ್ಯರು ರಕ್ತ, ಸತ್ತ ಹಂದಿಯ ಗುಲ್ಮದ ತುಂಡನ್ನ ಐಸ್‌ನಲ್ಲಿಟ್ಟು ಕಳಿಸ್ತಾರೆ. ವಯನಾಡಿನ ಮಾದರಿಗಳನ್ನ ದೃಢಪಡಿಸಿದ್ದು ಭೋಪಾಲದ ರಾಷ್ಟ್ರೀಯ ಪ್ರಾಣಿರೋಗ ಪ್ರಯೋಗಾಲಯ.

ಯಾವ ವೈರಸ್ ಅಂತ ಗೊತ್ತಾದ ಮೇಲೆ, ಎಲ್ಲಿಂದ ಬಂತು ಅನ್ನೋ ಪ್ರಶ್ನೆ. ಇದು ನಿಮಗೆ ಸುಲಭ: ಎರಡು ಕೋಡ್ ಪಕ್ಕಪಕ್ಕ ಇಟ್ಟು ಎಲ್ಲಿ ಬದಲಾಗಿದೆ ಅಂತ ನೋಡೋ ಹಾಗೆ. ಆಫ್ರಿಕನ್ ವೈರಸ್‌ನಲ್ಲಿ ಪಿ72 ಅನ್ನೋ ಪ್ರೋಟೀನಿನ ಜೀನ್‌ನ ಒಂದು ತುದಿ ಓದಿ, ಅದನ್ನ 20ಕ್ಕೂ ಹೆಚ್ಚು ಜೀನೋಟೈಪ್‌ಗಳಾಗಿ ವಿಂಗಡಿಸಿದ್ದರು. 2020ರ ಅಸ್ಸಾಂ ವೈರಸ್ ಜೀನೋಟೈಪ್ 2. ಇದೇ ಟೈಪ್ 2007ರಲ್ಲಿ ಜಾರ್ಜಿಯಾದಲ್ಲಿ, 2018ರಲ್ಲಿ ಚೀನಾದಲ್ಲಿ ಕಾಣಿಸಿತ್ತು.

ಆದರೆ ಒಂದೇ ಜೀನ್ ನಂಬಿ ಕೂರೋ ಹಾಗಿಲ್ಲ. ಜೀನೋಟೈಪ್ 1 ಮತ್ತು 2 ಬೆರೆತ ವೈರಸ್‌ಗಳು ಚೀನಾದಲ್ಲಿ ಸಿಕ್ಕಿವೆ ಅಂತ 2023ರಲ್ಲಿ ವರದಿಯಾಯ್ತು. ಪಿ72 ಮಾತ್ರ ಓದಿದ್ರೆ ಅವು ಬರೀ ಜೀನೋಟೈಪ್ 1 ಅನ್ನಿಸ್ತಾವೆ. ಪೂರ್ತಿ ಜೀನೋಮ್ ಓದಿದಾಗಲೇ ಬೆರಕೆ ಗೊತ್ತಾಗೋದು. ಜೀನೋಟೈಪ್ 2ರಿಂದ ಮಾಡಿದ ಪ್ರಾಯೋಗಿಕ ಲಸಿಕೆ ಈ ಬೆರಕೆಯಿಂದ ಹಂದಿಗಳನ್ನ ಕಾಪಾಡಲಿಲ್ಲ. ಹಾಗಾಗಿ ವರ್ಗೀಕರಣ ಬರೀ ಪುಸ್ತಕದ ವಿಷಯ ಅಲ್ಲ, ನಾಳೆ ಯಾವ ಲಸಿಕೆ ಕೆಲಸ ಮಾಡುತ್ತೆ ಅನ್ನೋದೂ ಅದರ ಮೇಲೇ ನಿಂತಿದೆ.

ಊರಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ: ಹಂದಿ ಸತ್ತರೆ ಉಳಿದವನ್ನ ಗಡಿಬಿಡಿಯಲ್ಲಿ ಮಾರಬೇಡಿ, ಹೆಣ ಹೊಳೆಗೆ ಎಸೆಯಬೇಡಿ, ಹೋಟೆಲ್ ಮುಸುರೆಯನ್ನ ಚೆನ್ನಾಗಿ ಕುದಿಸದೆ ಹಾಕಬೇಡಿ. ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಈ ಎರಡು ಜ್ವರವೂ ಮನುಷ್ಯರಿಗೆ ಬರಲ್ಲ, ಹೆದರಿ ಮುಚ್ಚಿಡೋ ಅಗತ್ಯ ಇಲ್ಲ. ಮುಚ್ಚಿಟ್ಟರೆ ಪಕ್ಕದ ಮನೆಯವರ ಹಂದಿಗಳೂ ಹೋಗ್ತಾವೆ, ಅವರ ಸಾಲ ಮಾತ್ರ ಹಾಗೇ ಉಳಿಯುತ್ತೆ.