ಮನೆ ಕೆಳಗಿನ ಅಂಗಡಿ, ಮಗುವಿನ ಕನ್ನಡ

ಸಿಂಗಪುರದಲ್ಲಿ ಮನೆ ನೋಡುವಾಗ ಎಂಆರ್‌ಟಿ ಎಷ್ಟು ಹತ್ತಿರ, ಶಾಲೆ ಎಷ್ಟು ದೂರ ಎಂದು ಕೇಳುತ್ತೀರಿ. ಇದನ್ನೂ ಕೇಳಿ: ಮಗು ರಸ್ತೆ ದಾಟದೆ ಹೋಗಿ ಬರಬಹುದಾದ ಅಂಗಡಿ ಇದೆಯೇ?

ಇಲ್ಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ನಿವಾಸಿಗಳು ಇರುವುದು ಸರ್ಕಾರದ ಎಚ್‌ಡಿಬಿ ಕಟ್ಟಿದ ಮನೆಗಳಲ್ಲಿ. ತೊವಾ ಪಾಯೊದಂಥ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಬ್ಲಾಕುಗಳ ಕೆಳಗೇ ಅಂಗಡಿಗಳಿವೆ. ಸಣ್ಣ ದಿನಸಿ ಅಂಗಡಿಗೆ ‘ಮಾಮಾ ಶಾಪ್’ ಎಂದೇ ಹೆಸರು. ತಮಿಳಿನ ಆ ಮಾಮಾ ನಮ್ಮ ಮಾಮನೇ. ಹೊಸ ಪುಂಗೋಲ್‌ನಲ್ಲಿ ಅಂಗಡಿಗಳು ಹೆಚ್ಚಾಗಿ ಒಂದೆಡೆ ಸೇರಿವೆ. 2018ರಲ್ಲಿ ತೆರೆದ ಒಯಾಸಿಸ್ ಟೆರೇಸಸ್‌ನಲ್ಲಿ ಪಾಲಿಕ್ಲಿನಿಕ್ಕೂ ಇದೆ. ಅನುಕೂಲವೇನೋ ನಿಜ, ಆದರೆ ಅಲ್ಲಿಗೆ ಮಗು ನಮ್ಮ ಕೈ ಹಿಡಿದೇ ಹೋಗುತ್ತದೆ. ಮಾತೆಲ್ಲ ನಾವೇ ಆಡಿ ಮುಗಿಸುತ್ತೇವೆ.

ಅಂಗಡಿಯವರಿಗೆ ಕನ್ನಡ ಬರಬೇಕೆಂದಿಲ್ಲ. ಚೀಟಿ ಬರೆದುಕೊಡಬೇಡಿ. ‘ಒಂದು ಕಟ್ಟು ಕೊತ್ತಂಬರಿ, ಎರಡು ನಿಂಬೆಹಣ್ಣು ತಗೊಂಡು, ಚಿಲ್ಲರೆ ಎಣಿಸಿಕೊಂಡು ಬಾ’ ಎಂದು ಬಾಯಲ್ಲೇ ಹೇಳಿ ಕಳಿಸಿ. ಮಗು ಕನ್ನಡದಲ್ಲಿ ನೆನಪಿಟ್ಟುಕೊಂಡು, ಇಂಗ್ಲಿಷಿನಲ್ಲಿ ಕೇಳಿ ತಂದು, ಮತ್ತೆ ಕನ್ನಡದಲ್ಲಿ ಲೆಕ್ಕ ಒಪ್ಪಿಸಬೇಕು. ಎರಡೂ ಭಾಷೆಗೆ ಅಲ್ಲಿ ನಿಜವಾದ ಕೆಲಸವಿದೆ.

ನಿಮ್ಮ ಬ್ಲಾಕಿನ ಕೆಳಗೆ ಅಂಗಡಿ ಇಲ್ಲವೇ? ಮಾಲ್‌ನಲ್ಲೇ ನೀವು ಬಾಗಿಲ ಬಳಿ ನಿಂತು ಮಗುವನ್ನು ಒಳಗೆ ಕಳಿಸಿ. ಕೊತ್ತಂಬರಿ ಬದಲು ಪುದೀನ ಬಂದರೂ ಬೈಯಬೇಡಿ. ಆವತ್ತು ಚಟ್ನಿ ಮಾಡಿ.