ಪ್ರಾಣಿಗಳ ಅಸಹಜ ಸಾವು: ಮರಣೋತ್ತರ ಪರೀಕ್ಷೆ ಮತ್ತು ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಜಾನುವಾರು ಅಥವಾ ವನ್ಯಪ್ರಾಣಿ ಅನಿರೀಕ್ಷಿತವಾಗಿ ಮೃತಪಟ್ಟಾಗ ಅದಕ್ಕೆ ರೋಗ, ವಿಷ, ವಿದ್ಯುದಾಘಾತ, ಬೇಟೆ ಅಥವಾ ಬೇರೊಂದು ಪ್ರಾಣಿಯ ದಾಳಿ ಕಾರಣವಾಗಿರಬಹುದು. ಇವುಗಳಲ್ಲಿ ನಿಜವಾದ ಕಾರಣ ಯಾವುದೆಂಬುದನ್ನು ಪಶುವೈದ್ಯರು ನಡೆಸುವ ಮರಣೋತ್ತರ ಪರೀಕ್ಷೆಯಿಂದ ನಿರ್ಧರಿಸಲಾಗುತ್ತದೆ. ರೈತರ ಪರಿಹಾರದ ಅರ್ಜಿ, ಜಾನುವಾರು ವಿಮೆಯ ಕೋರಿಕೆ ಹಾಗೂ ವನ್ಯಜೀವಿ ಅಪರಾಧದ ಮೊಕದ್ದಮೆ ಈ ಪರೀಕ್ಷೆಯ ವರದಿಯನ್ನು ಅವಲಂಬಿಸಿರುತ್ತವೆ. ಕಳೇಬರವೇ ಪ್ರಮುಖ ಸಾಕ್ಷ್ಯವಾದುದರಿಂದ ಅದನ್ನು ಇದ್ದ ಸ್ಥಿತಿಯಲ್ಲಿಯೇ ಕಾಪಾಡುವುದು ಅತ್ಯಗತ್ಯ.

ಪರೀಕ್ಷೆಯಿಂದ ತಿಳಿದುಬರುವ ಅಂಶಗಳು

• ದಾಳಿ: ಜೀವಂತ ಪ್ರಾಣಿಗೆ ಗಾಯವಾದಾಗ ಚರ್ಮದ ಕೆಳಗೆ ರಕ್ತಸ್ರಾವವಾಗಿ ರಕ್ತ ಹೆಪ್ಪುಗಟ್ಟಿರುತ್ತದೆ. ರೋಗದಿಂದ ಸತ್ತ ಪ್ರಾಣಿಯನ್ನು ಚಿರತೆ ನಂತರ ತಿಂದಿದ್ದರೆ ಹಲ್ಲಿನ ಗುರುತುಗಳ ಕೆಳಗೆ ಇಂತಹ ರಕ್ತಸ್ರಾವ ಕಾಣುವುದಿಲ್ಲ. ಹುಲಿ ಮತ್ತು ಚಿರತೆ ಸಾಮಾನ್ಯವಾಗಿ ಕುತ್ತಿಗೆಯನ್ನು ಹಿಡಿಯುತ್ತವೆ. ನಾಯಿಗಳು ಹೆಚ್ಚಾಗಿ ಹಿಂಭಾಗವನ್ನು ಕಚ್ಚುತ್ತವೆ.

• ಉರುಳು: ಕುತ್ತಿಗೆ ಅಥವಾ ಹೊಟ್ಟೆಯ ಸುತ್ತ ತಂತಿಯ ಗಾಢವಾದ ಗುರುತು ಹಾಗೂ ಅದರ ಕೆಳಗಿನ ರಕ್ತಸ್ರಾವವು ಪ್ರಾಣಿ ಜೀವಂತವಾಗಿ ಸಿಲುಕಿತ್ತೆಂಬುದನ್ನು ತೋರಿಸುತ್ತದೆ.

• ವಿದ್ಯುದಾಘಾತ: ತಂತಿ ತಗುಲಿದ ಭಾಗದಲ್ಲಿ ಸುಟ್ಟ ಗಾಯವಿರಬಹುದು. ಕೆಲವೊಮ್ಮೆ ಇಂತಹ ಗುರುತು ಇಲ್ಲದಿರುವ ಸಾಧ್ಯತೆಯೂ ಇರುವುದರಿಂದ ಸ್ಥಳದಲ್ಲಿರುವ ಬೇಲಿ ಮತ್ತು ತಂತಿಗಳ ಪರಿಶೀಲನೆಯೂ ತನಿಖೆಯ ಭಾಗವಾಗಿರುತ್ತದೆ.

• ವಿಷ: ಬರಿಗಣ್ಣಿನ ಪರೀಕ್ಷೆಯಿಂದ ವಿಷವನ್ನು ಖಚಿತಪಡಿಸಲಾಗದು. ಜಠರದಲ್ಲಿರುವ ಆಹಾರ, ಯಕೃತ್ತು ಮತ್ತು ಮೂತ್ರಪಿಂಡಗಳ ಮಾದರಿಗಳನ್ನು ರಾಸಾಯನಿಕ ವಿಶ್ಲೇಷಣೆಗಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ.

ಮಾದರಿಗಳ ಸಂಗ್ರಹಣೆ

ಅಂಗಾಂಶಗಳ ಸೂಕ್ಷ್ಮದರ್ಶಕ ಪರೀಕ್ಷೆಗೆ ಬೇಕಾದ ತುಣುಕುಗಳನ್ನು ಫಾರ್ಮಲಿನ್ ದ್ರಾವಣದಲ್ಲಿ ಇಡಲಾಗುತ್ತದೆ. ವಿಷಪರೀಕ್ಷೆಯ ಮಾದರಿಗಳಿಗೆ ಫಾರ್ಮಲಿನ್ ಬಳಸುವಂತಿಲ್ಲ. ಅವುಗಳನ್ನು ಉಪ್ಪಿನ ಸಂತೃಪ್ತ ದ್ರಾವಣದಲ್ಲಿ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಪ್ರತಿಯೊಂದು ಶೀಶೆಗೂ ಸೀಲು ಹಾಕಿ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ದಾಖಲಿಸಲಾಗುತ್ತದೆ. ಈ ದಾಖಲೆಯಲ್ಲಿ ಲೋಪವಾದರೆ ನ್ಯಾಯಾಲಯದಲ್ಲಿ ಸಾಕ್ಷ್ಯ ದುರ್ಬಲವಾಗುತ್ತದೆ. ಮಾಂಸ, ಚರ್ಮ ಅಥವಾ ಉಗುರು ಯಾವ ಪ್ರಾಣಿಯದೆಂಬುದನ್ನು ಡಿಎನ್‌ಎ ಪರೀಕ್ಷೆಯಿಂದ ಗುರುತಿಸುವ ಸೌಲಭ್ಯವು ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರ ಹಾಗೂ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿದೆ.

ಕಾನೂನಿನ ಉಪಬಂಧಗಳು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 39ನೇ ಪ್ರಕರಣದಂತೆ ಸತ್ತುಬಿದ್ದ ವನ್ಯಪ್ರಾಣಿಯು ಸರ್ಕಾರದ ಸ್ವತ್ತಾಗಿರುತ್ತದೆ. ಅಂತಹ ಸ್ವತ್ತು ಯಾರ ವಶಕ್ಕಾದರೂ ಬಂದಲ್ಲಿ 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸತಕ್ಕದ್ದು. ಒಂದನೇ ಅನುಸೂಚಿಯ ಪ್ರಾಣಿಗಳ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿಗಳ ದಂಡ ವಿಧಿಸಲಾಗುತ್ತದೆ. ಪ್ರಾಣಿಗೆ ವಿಷವಿಕ್ಕಿ ಕೊಲ್ಲುವುದೂ ಬೇಟೆಯೇ ಆಗಿರುತ್ತದೆ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಕಾರ್ಯವಿಧಾನದಂತೆ, ಬೇರೆ ಕಾರಣ ಸಾಬೀತಾಗುವವರೆಗೆ ಹುಲಿಯ ಪ್ರತಿಯೊಂದು ಸಾವನ್ನೂ ಕಳ್ಳಬೇಟೆಯೆಂದೇ ಪರಿಗಣಿಸಿ ತನಿಖೆ ನಡೆಸಲಾಗುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಪ್ರಕರಣ

2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತೆಂಬುದು ತನಿಖೆಯಲ್ಲಿ ಕಂಡುಬಂದು, ಆರೋಪಿಗಳನ್ನು ಬಂಧಿಸಲಾಯಿತು. ಜಾನುವಾರು ಹಾನಿಗೆ ಸರ್ಕಾರದ ಪರಿಹಾರ ಲಭ್ಯವಿರುವಾಗ ಕಳೇಬರಕ್ಕೆ ವಿಷವಿಕ್ಕುವುದರಿಂದ ಮಾಲೀಕರಿಗೆ ಯಾವ ಪ್ರಯೋಜನವೂ ಆಗದು. ಬದಲಾಗಿ ಸೆರೆವಾಸಕ್ಕೆ ಗುರಿಯಾಗಬೇಕಾಗುತ್ತದೆ. ಅದೇ ಮಾಂಸವನ್ನು ತಿನ್ನುವ ರಣಹದ್ದು, ನರಿ ಹಾಗೂ ಊರಿನ ನಾಯಿಗಳೂ ಬಲಿಯಾಗುತ್ತವೆ.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

1. ಕಳೇಬರವನ್ನು ಮುಟ್ಟಬಾರದು, ಎಳೆಯಬಾರದು, ಹೂಳಬಾರದು. ಸಮೀಪದ ಹೆಜ್ಜೆಗುರುತುಗಳನ್ನು ತುಳಿಯಬಾರದು.

2. ವನ್ಯಪ್ರಾಣಿಯ ಸಾವು ಅಥವಾ ದಾಳಿಯಾಗಿದ್ದಲ್ಲಿ ವಲಯ ಅರಣ್ಯಾಧಿಕಾರಿಯವರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ, ಇತರೆ ಜಾನುವಾರು ಸಾವಿನ ಸಂದರ್ಭದಲ್ಲಿ ಸ್ಥಳೀಯ ಪಶುವೈದ್ಯಾಧಿಕಾರಿಯವರಿಗೆ ತಕ್ಷಣ ತಿಳಿಸಬೇಕು. ದೇಹ ಕೊಳೆತಷ್ಟೂ ಸಾವಿನ ಕಾರಣ ಗುರುತಿಸುವುದು ಕಷ್ಟವಾಗುತ್ತದೆ.

3. ಬಾಯಿ, ಮೂಗು ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸ್ರವಿಸುತ್ತಿದ್ದರೆ ಆಂಥ್ರಾಕ್ಸ್ ಎಂದೂ ಕರೆಯಲಾಗುವ ನೆರಡಿ ರೋಗದ ಶಂಕೆಯಿರುತ್ತದೆ. ಇಂತಹ ಕಳೇಬರವನ್ನು ಕೊಯ್ಯಲೇಬಾರದು. ಕೊಯ್ದರೆ ರೋಗಾಣುಗಳು ಗಾಳಿಯ ಸಂಪರ್ಕದಿಂದ ಬೀಜಕಣಗಳಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಮನುಷ್ಯರಿಗೂ ರೋಗ ತಗಲುತ್ತದೆ. ಪಶುವೈದ್ಯರು ರಕ್ತಲೇಪನ ಪರೀಕ್ಷೆಯಿಂದಲೇ ಈ ರೋಗವನ್ನು ಪತ್ತೆ ಹಚ್ಚುತ್ತಾರೆ.

4. ವಿಮೆ ಮಾಡಿಸಿದ ಜಾನುವಾರುವಾಗಿದ್ದಲ್ಲಿ ಕಿವಿಯೋಲೆಯನ್ನು ತೆಗೆಯಬಾರದು ಮತ್ತು ವಿಮಾ ಸಂಸ್ಥೆಗೂ ಕೂಡಲೇ ಮಾಹಿತಿ ನೀಡಬೇಕು.

5. ವನ್ಯಪ್ರಾಣಿ ದಾಳಿಯ ಪರಿಹಾರಕ್ಕಾಗಿ ಸ್ಥಳ ಮಹಜರು, ಛಾಯಾಚಿತ್ರ ಹಾಗೂ ಮರಣೋತ್ತರ ಪರೀಕ್ಷಾ ವರದಿಯೊಂದಿಗೆ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಅರ್ಜಿ ಸಲ್ಲಿಸಬೇಕು.

ಸಕಾಲದಲ್ಲಿ ಮಾಹಿತಿ ನೀಡುವುದರಿಂದ ಅರ್ಹ ಮಾಲೀಕರಿಗೆ ಪರಿಹಾರ ದೊರಕಿಸಲು ಹಾಗೂ ತಪ್ಪಿತಸ್ಥರನ್ನು ಪತ್ತೆ ಹಚ್ಚಲು ಅನುಕೂಲವಾಗುತ್ತದೆ. ಈ ಕಾರ್ಯದಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.